ಡಿಜಿಟಲ್ ಪೂರೈಕೆ ಸರಪಳಿಯ ಸುರಕ್ಷತೆ: ಪೋಷಕರು ಅರಿಯಬೇಕಾದ ಸಂಗತಿಗಳು

ತಾಂಡೂರಿನ ತೊಗರಿಯು ಹೊಲದಿಂದ ಮಾರುಕಟ್ಟೆಗೆ, ಅಲ್ಲಿಂದ ಬೇಳೆ ಗಿರಣಿಗೆ, ಗಿರಣಿಯಿಂದ ಅಂಗಡಿಗೆ ಸಾಗಿ ನಮ್ಮ ಅಡುಗೆಮನೆಯನ್ನು ಸೇರುತ್ತದೆ. ನಡುವೆ ಯಾವ ಹಂತದಲ್ಲಿ ಕಲಬೆರಕೆಯಾದರೂ ಅದು ಬಂದು ಬೀಳುವುದು ನಮ್ಮ ತಟ್ಟೆಗೇ. ಮೊಬೈಲಿನಲ್ಲಿ ನಾವು ಬಳಸುವ ಸೇವೆಗಳೂ ಹೀಗೆಯೇ ಹಲವು ಕೈಗಳನ್ನು ದಾಟಿ ಬರುತ್ತವೆ. ಬ್ಯಾಂಕು ಒಂದಾದರೆ, ಅದರ ತಂತ್ರಾಂಶವನ್ನು ನಡೆಸುವ ಸಂಸ್ಥೆ ಮತ್ತೊಂದು. ಆ ಸಂಸ್ಥೆಗೆ ನೆರವಾಗುವುದು ಇನ್ನೊಂದು. ಇದೇ ಡಿಜಿಟಲ್ ಪೂರೈಕೆ ಸರಪಳಿ.

2024ರ ಘಟನೆ

ಸಿ-ಎಡ್ಜ್ ಟೆಕ್ನಾಲಜೀಸ್ ಎಂಬುದು ಮುಖ್ಯವಾಗಿ ಸಹಕಾರಿ ಹಾಗೂ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಂಸ್ಥೆ. 2024ರ ಜುಲೈ ಕೊನೆಯಲ್ಲಿ ಅದರ ವ್ಯವಸ್ಥೆಯ ಮೇಲೆ, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿ ನಡೆಯಿತು. ಹಾನಿ ಹರಡದಂತೆ ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ಜುಲೈ 31ರಂದು ಆ ಸಂಸ್ಥೆಯ ಸಂಪರ್ಕವನ್ನು ತಾತ್ಕಾಲಿಕವಾಗಿ ಕಡಿದುಹಾಕಿತು. ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆಗೆ ತೊಡಕಾಯಿತು. ಮರುದಿನ ಸಂಪರ್ಕ ಮರಳಿತು. ದಾಳಿಕೋರರು ಒಳನುಗ್ಗಿದ್ದು ಸಿ-ಎಡ್ಜ್‌ನೊಡನೆ ಕೆಲಸ ಮಾಡುತ್ತಿದ್ದ ಬೇರೊಂದು ಸಂಸ್ಥೆಯ ಸರ್ವರಿನ ಮೂಲಕ ಎಂದು ಕ್ಲೌಡ್‌ಸೆಕ್ ಸಂಸ್ಥೆಯು ವರದಿ ಮಾಡಿತು. ಖಾತೆದಾರರ ತಪ್ಪು ಇದರಲ್ಲಿ ಏನೂ ಇರಲಿಲ್ಲ; ಅವರಲ್ಲಿ ಬಹುಪಾಲು ಜನ ಆ ಸಂಸ್ಥೆಗಳ ಹೆಸರನ್ನೂ ಕೇಳಿರಲಾರರು.

ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರಿನ ನಮ್ಮ ಕುಟುಂಬಗಳಲ್ಲಿ ಇಂತಹ ಸಣ್ಣ ಬ್ಯಾಂಕುಗಳನ್ನೇ ನಂಬಿದವರು ಅನೇಕರಿದ್ದಾರೆ. ಆದ್ದರಿಂದ ಈ ಸಂಗತಿ ನಮಗೆ ದೂರದ್ದಲ್ಲ.

ನಮ್ಮ ಹಕ್ಕು

ಹಂತಹಂತವಾಗಿ ಜಾರಿಗೆ ಬರುತ್ತಿರುವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಮೂರು ಮುಖ್ಯ ಅಂಶಗಳಿವೆ. ಮಾಹಿತಿ ಸಂಗ್ರಹಿಸಿದವರು ಅದನ್ನು ಗುತ್ತಿಗೆಗೆ ಬೇರೆಯವರ ಕೈಗೆ ಕೊಟ್ಟರೂ ಹೊಣೆ ಅವರದೇ. 18 ವರ್ಷ ತುಂಬದ ಮಕ್ಕಳ ಮಾಹಿತಿಗೆ ಪೋಷಕರ ಸಮ್ಮತಿ ಪಡೆಯಬೇಕು. ಸಮ್ಮತಿ ಕೋರುವ ಬರಹವು ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ದೊರೆಯಬೇಕು. ಕನ್ನಡವು ಆ ಪಟ್ಟಿಯಲ್ಲಿದೆ. ನಾವು ತೆಲಂಗಾಣದಲ್ಲಿ ನೆಲೆಸಿದ ಮಾತ್ರಕ್ಕೆ ಈ ಹಕ್ಕು ಕುಂದುವುದಿಲ್ಲ. ಅರ್ಥವಾಗದ ಭಾಷೆಯ ನಮೂನೆಗೆ ಒಪ್ಪಿಗೆ ಒತ್ತುವ ಮುನ್ನ ಕನ್ನಡದ ಪ್ರತಿಯನ್ನು ಕೇಳೋಣ.

ಮನೆಯಲ್ಲಿ ಪಾಲಿಸಬೇಕಾದವು

- ಕನ್ನಡ ಪಾಠದ ಆ್ಯಪ್ ಎಂದು ವಾಟ್ಸಾಪಿನಲ್ಲಿ ಬಂದ ಕಡತವನ್ನು ತೆರೆಯದೆ, ಪ್ಲೇ ಸ್ಟೋರಿನಿಂದಲೇ ಆ್ಯಪ್ ಪಡೆಯಬೇಕು. ಅಲ್ಲಿಯೂ ತಯಾರಕರ ಹೆಸರನ್ನು ನೋಡಬೇಕು.
- ಫೋನಿನ ಅಪ್‌ಡೇಟ್‌ಗಳನ್ನು ಸೆಟ್ಟಿಂಗ್ಸ್ ಮೂಲಕವೇ ಮಾಡಬೇಕು. ಸಂದೇಶದಲ್ಲಿ ಬಂದ ಕೊಂಡಿಯಿಂದ ಮಾಡಬಾರದು.
- ಶುಲ್ಕ ಕಟ್ಟುವುದನ್ನು ಕೊನೆಯ ದಿನಕ್ಕೆ ಉಳಿಸಿಕೊಳ್ಳಬಾರದು.
- ಬ್ಯಾಂಕಿನ ಸೇವೆ ನಿಂತಾಗ "ಸರಿಪಡಿಸುತ್ತೇವೆ" ಎಂದು ಕರೆ ಮಾಡುವವರಿಗೆ ಪಿನ್ ಅಥವಾ ಒಟಿಪಿ ಹೇಳಬಾರದು.
- ಹಣ ಹೋದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು.

ಸರಪಳಿಯ ಎಲ್ಲ ಕೊಂಡಿಗಳನ್ನು ನಾವು ಕಾಯಲಾರೆವು. ಆದರೆ ನಮ್ಮ ಮಗುವಿನ ಮಾಹಿತಿ ಯಾರ ಕೈ ಸೇರುತ್ತದೆ ಎಂದು ಪ್ರತಿ ಬಾರಿಯೂ ಕೇಳಬಲ್ಲೆವು.