ಕಲ್ಲಿದ್ದಲು ಉಳಿಸಲು ಕೊಟ್ಟ ರಜೆ

ಸ್ವೀಡನ್ನಿನ ಓರೆ ಎಂಬ ಊರಿನಲ್ಲಿ ಸ್ಕೀಯಿಂಗ್ ರಜೆ ಕಳೆಯಬೇಕೆಂದು ಹೊರಟವರು ಮೊದಲು ತೀರ್ಮಾನಿಸಬೇಕಾದದ್ದು ವಾರದ ಸಂಖ್ಯೆ. (ಕನ್ನಡದ 'ಓರೆ'ಗೂ ಇದಕ್ಕೂ ಸಂಬಂಧವಿಲ್ಲ. ಊರು ಇರುವುದು 1,420 ಮೀಟರ್ ಎತ್ತರದ ಬೆಟ್ಟದ ಇಳಿಜಾರಿನ ಬುಡದಲ್ಲಿ ಎಂಬುದು ಕಾಕತಾಳೀಯ.) ವರ್ಷದ 7ನೇ ವಾರ ಗೋಥೆನ್‌ಬರ್ಗಿನ ಶಾಲೆಗಳಿಗೆ ರಜೆ, 8ನೇ ವಾರ ದಕ್ಷಿಣದ ಮಾಲ್ಮೊ ಕಡೆಗೆ, 9ನೇ ವಾರ ಸ್ಟಾಕ್‌ಹೋಮಿಗೆ, 10ನೇ ವಾರ ಉತ್ತರದ ಊರುಗಳಿಗೆ. ಫೆಬ್ರವರಿ ನಡುವಿನಿಂದ ಮಾರ್ಚ್ ಆರಂಭದವರೆಗಿನ ಈ ನಾಲ್ಕು ವಾರ ರಾತ್ರಿ ರೈಲಿನ ಬರ್ತಿಗೂ ಬಾಡಿಗೆ ಮನೆಗೂ ನೂಕುನುಗ್ಗಲು. ಜನವರಿಯಲ್ಲಿ ಹೋದರೆ ಅಗ್ಗ, ಆದರೆ ಹಗಲು ತೀರಾ ಚಿಕ್ಕದು.

ಈ ರಜೆಯ ಹೆಸರು 'ಸ್ಪೋರ್ಟ್‌ಲೋವ್', ಕ್ರೀಡಾ ರಜೆ. ಹುಟ್ಟಿದಾಗ ಅದಕ್ಕಿದ್ದ ಹೆಸರು 'ಕೊಕ್ಸ್‌ಲೋವ್', ಅಂದರೆ ಕೋಕ್ ರಜೆ. ಕೋಕ್ ಎಂದರೆ ಕಲ್ಲಿದ್ದಲನ್ನು ಗಾಳಿ ತಾಕದಂತೆ ಕಾಯಿಸಿ ಪಡೆಯುವ ಉರುವಲು. ಶಾಲೆಯ ಕೋಣೆಗಳು ಬೆಚ್ಚಗಿರುತ್ತಿದ್ದದ್ದು ಅದರಿಂದಲೇ. 'ಲೋವ್' ಪದಕ್ಕೆ ಸ್ವೀಡಿಶ್‌ನಲ್ಲಿ ರಜೆ ಎಂಬ ಅರ್ಥವೂ ಇದೆ, ಅನುಮತಿ ಎಂಬ ಅರ್ಥವೂ ಇದೆ. ನಮ್ಮ 'ರಜಾ' ಕೂಡ ಹಾಗೆಯೇ: ಅರಬ್ಬಿ ಮೂಲದಲ್ಲಿ ಅದು ಸಮ್ಮತಿ, 'ರಾಜಿ' ಅದರ ಒಡಹುಟ್ಟು.

ಓರೆಗೆ ಪ್ರವಾಸಿಗರು ಬರತೊಡಗಿದ್ದು ಹಿಮಕ್ಕಾಗಿ ಅಲ್ಲ. 1882ರಲ್ಲಿ ನಾರ್ವೆಯ ಟ್ರೊಂಡ್‌ಹೈಮ್‌ವರೆಗಿನ ರೈಲು ಮಾರ್ಗ ತೆರೆದ ಮೇಲೆ ಬಂದ ಅನುಕೂಲಸ್ಥರನ್ನು ಸ್ಥಳೀಯರು 'ಗಾಳಿ ಅತಿಥಿಗಳು' ಎಂದರು. ಬೆಟ್ಟದ ಶುದ್ಧ ಗಾಳಿ ಕುಡಿಯಲು ಬಂದವರು ಅವರು. 1910ರಲ್ಲಿ ಬೆಟ್ಟ ಹತ್ತುವ ಪುಟ್ಟ ಹಳಿಬಂಡಿ ಬಂತು. ಆಗಲೂ ಅದು ದುಡ್ಡಿದ್ದವರ ಊರೇ. 1938ರ ಕಾನೂನು ದುಡಿಯುವವರಿಗೆ ಎರಡು ವಾರಗಳ ಸಂಬಳಸಹಿತ ರಜೆ ಕೊಟ್ಟಿತು. ಆದರೆ ಚಳಿಗಾಲದ ನಡುವೆ ಮಕ್ಕಳು ಶಾಲೆಯಲ್ಲಿರುವಾಗ ಬೆಟ್ಟಕ್ಕೆ ಹೋಗುವುದು ಯಾರು?

ಆ ಗಂಟು ಬಿಡಿಸಿದ್ದು ಯುದ್ಧ. ಸ್ವೀಡನ್ನಿನಲ್ಲಿ ಕಾಡಿದೆ, ಕಬ್ಬಿಣದ ಅದಿರಿದೆ. ಕಲ್ಲಿದ್ದಲು ಮಾತ್ರ ಬಹುಪಾಲು ಬ್ರಿಟನ್, ಜರ್ಮನಿಗಳಿಂದ ಹಡಗಿನಲ್ಲಿ ಬರಬೇಕಿತ್ತು. 1939ರ ಸೆಪ್ಟೆಂಬರಿನಲ್ಲಿ ಆ ಎರಡೂ ದೇಶಗಳು ಪರಸ್ಪರ ಯುದ್ಧಕ್ಕಿಳಿದವು. ಹಿಂದೆಯೇ ಬಂದ ಚಳಿಗಾಲ ವಿಪರೀತ ಕಠೋರವಾಗಿತ್ತು. 1940ರ ಫೆಬ್ರವರಿಯಲ್ಲಿ ಶಾಲೆಗಳನ್ನು ಒಂದು ವಾರ ಮುಚ್ಚಿದ್ದು ಕೋಕ್ ಉಳಿಸಲು. ಏಪ್ರಿಲಿನಲ್ಲಿ ಜರ್ಮನಿ ಡೆನ್ಮಾರ್ಕ್, ನಾರ್ವೆಗಳನ್ನು ಆಕ್ರಮಿಸಿತು. ಪಶ್ಚಿಮದ ಸಮುದ್ರದಾರಿಯೂ ಮುಚ್ಚಿತು. ಅಲ್ಲಿಂದ ಮುಂದೆ ಕಲ್ಲಿದ್ದಲಿಗೆ ಜರ್ಮನಿಯೊಂದೇ ಗತಿ, ಅದಕ್ಕೆ ಪ್ರತಿಯಾಗಿ ಹೋಗುತ್ತಿದ್ದದ್ದು ಕಬ್ಬಿಣದ ಅದಿರು. ಈ ವ್ಯಾಪಾರದ ಬಗ್ಗೆ ಸ್ವೀಡನ್ನಿನಲ್ಲಿ ಇಂದಿಗೂ ಮುಜುಗರವಿದೆ, ಇರಬೇಕಾದದ್ದೇ.

ಅಪ್ಪ ಅಮ್ಮ ಕೆಲಸಕ್ಕೆ ಹೋದರೆ ಒಂದು ವಾರ ಮಕ್ಕಳು ಏನು ಮಾಡಬೇಕು? ಬೀದಿ ಸುತ್ತುವ ಬದಲು ಆಡಲಿ ಎಂದು ಸ್ಕೀಯಿಂಗ್, ಸ್ಕೇಟಿಂಗ್ ಏರ್ಪಾಡಾಯಿತು. 'ಕ್ರೀಡಾ ರಜೆ' ಎಂಬ ಹೆಸರು ಅಂಟಿಕೊಂಡದ್ದು ಹೀಗೆ. ಯುದ್ಧ ಮುಗಿದು ಕೋಕ್ ಮತ್ತೆ ಸಿಗತೊಡಗಿದರೂ ರಜೆ ವಾಪಸಾಗಲಿಲ್ಲ. ಚಳಿಗಾಲದ ನಡುವೆ ಒಂದು ವಾರ ಶಾಲೆ ಮುಚ್ಚಿದರೆ ಶೀತ ಜ್ವರ ಹರಡುವುದು ತಗ್ಗುತ್ತದೆ ಎಂಬ ಹೊಸ ಕಾರಣ ಸಿಕ್ಕಿತು. ಒಮ್ಮೆ ಕೊಟ್ಟ ರಜೆಯನ್ನು ಕಿತ್ತುಕೊಳ್ಳುವ ಧೈರ್ಯ ಯಾವ ಸರ್ಕಾರಕ್ಕಿದೆ!

ಓರೆ ಆ ವಾರಕ್ಕೆ ತಕ್ಕಂತೆ ಬೆಳೆಯಿತು. 1954ರಲ್ಲಿ ಅಲ್ಲಿ ವಿಶ್ವ ಆಲ್ಪೈನ್ ಸ್ಕೀ ಚಾಂಪಿಯನ್‌ಶಿಪ್ ನಡೆಯಿತು. 1970ರ ದಶಕದಲ್ಲಿ ಸರ್ಕಾರದ ನೆರವು ಹರಿದು, 1976ರಲ್ಲಿ ಬೆಟ್ಟದ ಮೇಲಕ್ಕೆ ಕೇಬಲ್ ಕಾರ್ ಬಂತು. ಶಾಲೆಗಳ ರಜೆ ಬೇರೆ ಬೇರೆ ವಾರಕ್ಕೆ ಹಂಚಿಹೋಗಿರುವುದರಿಂದ ರೈಲು, ಹೋಟೆಲುಗಳಿಗೆ ಒಮ್ಮೆಲೇ ಹೊರೆ ಬೀಳದೆ ತಿಂಗಳಿಡೀ ದುಡಿಮೆ ಸಿಗುತ್ತದೆ.

ಎಲ್ಲ ಮಕ್ಕಳೂ ಬೆಟ್ಟಕ್ಕೆ ಹೋಗುವುದಿಲ್ಲ, 1940ರಲ್ಲೂ ಹೋಗಿರಲಿಲ್ಲ. ಊರಲ್ಲೇ ಉಳಿದವರಿಗಾಗಿ ನಗರಸಭೆಗಳು ಈಗಲೂ ಆ ವಾರ ಪುಕ್ಕಟೆ ಸ್ಕೇಟಿಂಗ್, ಈಜು, ಮ್ಯೂಸಿಯಂ ಕಾರ್ಯಕ್ರಮ ಇಡುತ್ತವೆ. ಉಳಿದವರು 8ನೇ ವಾರದ ಶುಕ್ರವಾರ ಸಂಜೆ ಕಾರಿನ ನೆತ್ತಿಗೆ ಸ್ಕೀ ಕಟ್ಟಿಕೊಂಡು, ಟ್ಯಾಂಕ್ ತುಂಬಿಸಿ, ಸ್ಟಾಕ್‌ಹೋಮಿನಿಂದ ಆರುನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಓರೆಯತ್ತ ಹೊರಡುತ್ತಾರೆ.