ಮೆಂಡೋಜ: ಆಂಡೀಸ್ ತಪ್ಪಲಿನ ದ್ರಾಕ್ಷಿ ಸೀಮೆ

ಅರ್ಜೆಂಟೀನಾದ ಪಶ್ಚಿಮ ಅಂಚಿನಲ್ಲಿ, ಆಂಡೀಸ್ ಪರ್ವತದ ತಪ್ಪಲಿನಲ್ಲಿರುವ ಪ್ರಾಂತ್ಯ ಮೆಂಡೋಜ. ದೇಶದ ವೈನಿನಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಇಲ್ಲಿಯದು. ಈ ಹೆಚ್ಚುಗಾರಿಕೆಯನ್ನು ಎತ್ತರ, ಬಿಸಿಲು ಮತ್ತು ತಂಪು ರಾತ್ರಿಗಳ ಲೆಕ್ಕಕ್ಕೆ ಹಾಕುವುದು ರೂಢಿ. ಆದರೆ ಪೆಸಿಫಿಕ್ ಕಡೆಯ ಮೋಡಗಳು ಪರ್ವತದಾಚೆ ಚಿಲಿಯಲ್ಲೇ ಬರಿದಾಗುವುದರಿಂದ ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 200 ಮಿ.ಮೀ. ಅಷ್ಟೆ. ನೀರು ಹಾಯದ ನೆಲದಲ್ಲಿ ಇಂದಿಗೂ ಕುರುಚಲು ಬಿಟ್ಟರೆ ಬೇರೇನಿಲ್ಲ. ನೀರಾವರಿ ಕಂಡ ಭೂಮಿ ಪ್ರಾಂತ್ಯದ ಶೇ. 5ಕ್ಕಿಂತಲೂ ಕಡಿಮೆ. ಆದ್ದರಿಂದ ಈ ಸೀಮೆಯ ಚರಿತ್ರೆಯನ್ನು ಕಾಲುವೆಯಿಂದ ಶುರುಮಾಡುವುದೇ ಸರಿ.

1561ರಲ್ಲಿ ಸ್ಪೇನಿನ ಪೆದ್ರೊ ದೆಲ್ ಕಾಸ್ತಿಯೊ ಮೆಂಡೋಜ ನಗರ ಕಟ್ಟಿದಾಗ, ಮೂಲನಿವಾಸಿಗಳಾದ ಹುವಾರ್ಪೆ ಜನ ತೋಡಿದ್ದ ಕಾಲುವೆಗಳಲ್ಲಿ ಹಿಮ ಕರಗಿದ ನೀರು ಆಗಲೇ ಹರಿಯುತ್ತಿತ್ತು. ಸ್ಪೇನಿನವರು ಅವನ್ನೇ ಉದ್ದ ಮಾಡಿ ಬಳ್ಳಿ ನೆಟ್ಟರು. 1853ರಲ್ಲಿ ಫ್ರೆಂಚ್ ಕೃಷಿತಜ್ಞ ಮಿಶೆಲ್ ಪೂಜೆಯ ಸಸ್ಯಕ್ಷೇತ್ರದ ಮೂಲಕ ಮಾಲ್ಬೆಕ್ ಮೊದಲಾದ ತಳಿಗಳು ಬಂದುದನ್ನು ಅನೇಕರು ಆರಂಭವೆಂದು ಎಣಿಸುತ್ತಾರೆ. ಆದರೆ ತಳಿ ಬಂದ ಮಾತ್ರಕ್ಕೆ ಸೀಮೆ ಹುಟ್ಟಲಿಲ್ಲ. ತೋಟಗಳು ದೊಡ್ಡ ಪ್ರಮಾಣದಲ್ಲಿ ಹಬ್ಬಿದ್ದು 1884ರ ನೀರಿನ ಕಾಯಿದೆಯ ನಂತರ. ನೀರಿನ ಹಕ್ಕನ್ನು ಅದು ಜಮೀನಿಗೆ ಗಂಟುಹಾಕಿತು; ಜಮೀನು ಬಿಟ್ಟು ನೀರನ್ನಷ್ಟೇ ಮಾರುವಂತಿರಲಿಲ್ಲ. ಸರದಿಯಂತೆ ತೂಬು ತೆರೆಯುವ ತೊಮೆರೊ ನಮ್ಮ ಕೆರೆ ಬಯಲಿನ ನೀರುಗಂಟಿಯಂಥವನೇ. ಮರುವರ್ಷವೇ, 1885ರಲ್ಲಿ, ಬ್ಯೂನಸ್ ಐರಿಸ್‌ನಿಂದ ರೈಲು ಬಂತು. ಅದರ ಹಿಂದೆ ಇಟಲಿ, ಸ್ಪೇನುಗಳ ವಲಸಿಗರೂ ಬಂದರು. ನಿಜವಾದ ಕಾರಣ ರೈಲೇ ಎಂದು ವಾದಿಸಬಹುದು: ಮಾರುಕಟ್ಟೆ ಕೊಟ್ಟದ್ದು ಅದು ತಾನೇ? ಹೌದು. ಆದರೂ ಅದೇ ಹಳಿ ಹಾದುಹೋದ ನೆರೆಯ ಪ್ರಾಂತ್ಯ ಸಾನ್ ಲೂಯಿಸ್ ದ್ರಾಕ್ಷಿ ಸೀಮೆಯಾಗಲಿಲ್ಲ.

ಇನ್ನೂ ಗಟ್ಟಿಯಾದ ಆಕ್ಷೇಪ ಇತ್ತೀಚಿನದು. 1970ರ ಸುಮಾರಿಗೆ ಅರ್ಜೆಂಟೀನಿಯರು ತಲೆಗೆ ವರ್ಷಕ್ಕೆ 90 ಲೀಟರಿನಷ್ಟು ವೈನ್ ಕುಡಿಯುತ್ತಿದ್ದರು. ಬೇಡಿಕೆ ಕುಸಿದಾಗ ಹಳೆಯ ಮಾಲ್ಬೆಕ್ ತೋಟಗಳನ್ನೂ ಕಿತ್ತೊಗೆದರು. ಉಳಿದವರು ಗುಣಮಟ್ಟದ ಹಾದಿ ಹಿಡಿದು ಮೇಲಕ್ಕೆ ಏರಿದರು: 1992ರಲ್ಲಿ ವೈನ್ ತಯಾರಕ ನಿಕೊಲಾಸ್ ಕತೇನ ಗುವಾಲ್ತಯಾರಿ ಎಂಬಲ್ಲಿ ಸುಮಾರು 1,500 ಮೀಟರ್ ಎತ್ತರದಲ್ಲಿ ಬಳ್ಳಿ ನೆಡಿಸಿದರು. ಇಂಥ ಕಡೆ ಕೊಳವೆಬಾವಿ, ಹನಿ ನೀರಾವರಿಯೇ ಆಧಾರವಾದ್ದರಿಂದ ಹಳೆಯ ಕಾಲುವೆಯ ಹಂಗಿಲ್ಲ ಎನ್ನುತ್ತಾರೆ. ಎತ್ತರ ರುಚಿಯನ್ನು ತಿದ್ದುತ್ತದೆ, ಒಪ್ಪೋಣ. ಆದರೆ ಬಾವಿಗೆ ಇಂಗುವ ನೀರೂ ಅದೇ ಹಿಮದ್ದು, ಅದನ್ನು ಎತ್ತಲು ಪರವಾನಗಿ ಕೊಡುವುದೂ ಕಾಲುವೆಗಳನ್ನು ನೋಡಿಕೊಳ್ಳುವ ನೀರಾವರಿ ಇಲಾಖೆಯೇ. ಹಾಗೆಂದು ಈ ವ್ಯವಸ್ಥೆಯನ್ನು ಹೊಗಳಬೇಕಿಲ್ಲ. ಮೊದಲು ಹಕ್ಕು ಪಡೆದವರಿಗೆ ಅದು ಮೇಲುಗೈ ಕೊಟ್ಟಿತು. ಮೇಲಿನವರು ನೀರು ತಿರುಗಿಸಿಕೊಂಡಂತೆ ಕೆಳಗಿನ ಗುವಾನಕಾಚೆ ಸರೋವರಗಳು ಒಣಗಿದವು. ಅವುಗಳ ದಡದಲ್ಲಿ ಬಾಳುತ್ತಿದ್ದವರು ಮೊದಲ ಕಾಲುವೆ ತೋಡಿದ ಹುವಾರ್ಪೆಗಳ ವಂಶದವರೇ. ನೀರಿನ ಪ್ರಶ್ನೆ ಈಗಲೂ ಎಷ್ಟು ಸೂಕ್ಷ್ಮವೆಂಬುದು 2019ರ ಡಿಸೆಂಬರಿನಲ್ಲಿ ಕಂಡಿತು. ಗಣಿಗಾರಿಕೆಯಲ್ಲಿ ಸಯನೈಡ್ ಬಳಕೆಯನ್ನು ತಡೆದಿದ್ದ 2007ರ ಕಾಯಿದೆಯನ್ನು ಶಾಸನಸಭೆ ಸಡಿಲಿಸಿತು, ಜನ ಬೀದಿಗಿಳಿದರು, ಕೆಲವೇ ದಿನಗಳಲ್ಲಿ ತಿದ್ದುಪಡಿಯನ್ನು ಹಿಂದಕ್ಕೆ ಪಡೆಯಬೇಕಾಯಿತು.