ಜೀರ್ಣೋದ್ಧಾರ ವಿವೇಕ

ಕನ್ನಡ ನಾಡಿನ ಶಾಸನಗಳಲ್ಲಿ ದೇವಾಲಯಗಳ 'ಖಂಡಸ್ಫುಟಿತ ಜೀರ್ಣೋದ್ಧಾರ'ಕ್ಕೆಂದು ಭೂಮಿಯನ್ನು ದತ್ತಿಬಿಟ್ಟ ಉಲ್ಲೇಖಗಳು ವಿಪುಲವಾಗಿವೆ. ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವುದೇ ಅದರ ತಾತ್ಪರ್ಯ. ಆದರೆ ಸರಿಪಡಿಸುವಾಗ ಯಾವುದನ್ನು ಅಳಿಸಬಾರದೆಂಬುದು ಕಠಿಣವಾದ ಪ್ರಶ್ನೆ. ಜರ್ಮನಿಯ ಬರ್ಲಿನ್ ನಗರದ ರೈಖ್‌ಸ್ಟಾಗ್ ಸಂಸದ್ಭವನವು ಇದಕ್ಕೊಂದು ನಿದರ್ಶನ.

ಪಾಲ್ ವಾಲೋಟ್ ಅವರ ಯೋಜನೆಯಂತೆ 1894ರಲ್ಲಿ ಪೂರ್ಣಗೊಂಡ ಈ ಭವನವು 1933ರಲ್ಲಿ ಬೆಂಕಿಗೆ ತುತ್ತಾಯಿತು; 1945ರ ಯುದ್ಧದಲ್ಲಿ ಜರ್ಝರಿತವಾಯಿತು. 1960ರ ದಶಕದಲ್ಲಿ ಪಾಲ್ ಬೌಮ್‌ಗಾರ್ಟನ್ ಅವರು ಅದನ್ನು ನವೀಕರಿಸಿದಾಗ ಹಳೆಯ ಗೋಡೆಗಳು ಹೊಸ ಹೊದಿಕೆಯ ಮರೆಗೆ ಸರಿದವು. ಜರ್ಮನಿಯು ಒಂದುಗೂಡಿದ ತರುವಾಯ, 1992ರಲ್ಲಿ ಏರ್ಪಟ್ಟ ಸ್ಪರ್ಧೆಯ ಫಲವಾಗಿ ಇಂಗ್ಲೆಂಡಿನ ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ನಿಯುಕ್ತರಾದರು. ಹೊದಿಕೆಯನ್ನು ತೆಗೆಯಲಾಗಿ, ವಿಜಯಿಗಳಾದ ಸೋವಿಯತ್ ಸೈನಿಕರು 1945ರಲ್ಲಿ ಗೋಡೆಗಳ ಮೇಲೆ ಗೀಚಿದ್ದ ಹೆಸರುಗಳು ಗೋಚರಿಸಿದವು. ಸೋತ ನಾಡಿಗೆ ಅವು ಅಪಮಾನದ ಗುರುತುಗಳು. ಅಳಿಸಬೇಕೆಂಬ ವಾದವಿದ್ದರೂ ಅವುಗಳಲ್ಲಿ ಹಲವನ್ನು ಫಾಸ್ಟರ್ ಉಳಿಸಿಕೊಂಡರು. 1999ರಲ್ಲಿ ಸಂಸತ್ತು ಅಲ್ಲಿ ಮತ್ತೆ ಸಮಾವೇಶಗೊಂಡಾಗ ಮೇಲೆ ಗಾಜಿನ ಹೊಸ ಗುಮ್ಮಟವಿತ್ತು, ಒಳಗೆ ಹಳೆಯ ಗಾಯವೂ ಇತ್ತು.

ವಾಸ್ತುಶಿಲ್ಪಿಯನ್ನು ಆರಿಸುವವರು ಆತನ ಕಟ್ಟುವ ಕೌಶಲವನ್ನಷ್ಟೇ ಅಲ್ಲ, ಉಳಿಸುವ ವಿವೇಕವನ್ನೂ ಪರೀಕ್ಷಿಸಬೇಕು. ಶಾಸನದ ಮೇಲೆ ಸುಣ್ಣ ಬಳಿದು ಗುಡಿಯನ್ನು ಹೊಸದಾಗಿಸುವುದು ಜೀರ್ಣೋದ್ಧಾರವೆನಿಸದು. ಅದು ಸಾಕ್ಷ್ಯನಾಶವೇ ಸರಿ.